ತನ್ನದೇ ಹೆಸರಿನ ಎಡೆ

"ನನ್ನ ಮಗನ ಹೆಸರು ಹೇಳಿ ಬಾಯಿಗಿಡಪ್ಪ. 'ಇದು ತ್ರಾಯ್ಲೊಗೆ' ಅನ್ನು. ಬದುಕಿರೋರ ಹೆಸರಂತೂ ಎತ್ತಲೇಬೇಡ."

ಹೋಮೋಲ್ಯೆ ಬೆಟ್ಟದ ತಿರುವಿನಲ್ಲಿ, ಸ್ಮಶಾನದ ಬೇಲಿಗೆ ಒತ್ತಿಕೊಂಡು ಮುದುಕಿ ಪೆರ್ಸಿದಾ ಮೇಜು ಹಾಕಿದ್ದಳು. ಸುತ್ತ ಹಿಮ. ಮೇಜಿನ ಮೇಲೆ ಹಂದಿಮಾಂಸ, ಹೆಣೆದ ರೊಟ್ಟಿ, ಉರಿಯುವ ಮೇಣದಬತ್ತಿ. ಗಣಿಯಲ್ಲಿ ಸತ್ತ ಮಗನ ಎಡೆ. ದಾರಿಹೋಕರು ಅವನ ಹೆಸರು ಹೇಳಿ ತಿಂದರೆ ಸತ್ತವರ ಲೋಕದಲ್ಲಿ ಅವನ ಹೊಟ್ಟೆ ತುಂಬುತ್ತದೆ. ಆ ಬೆಟ್ಟದಲ್ಲಿ ಇದು ಕೂಸಿಗೂ ಗೊತ್ತು. ಹೆಂಡತಿಯ ಜೊತೆ ಚಳಿಗಾಲದ ರಜೆಗೆಂದು ಬೆಲ್‌ಗ್ರೇಡಿನಿಂದ ಕಾರು ಓಡಿಸಿಕೊಂಡು ಬಂದ ಓಗ್ನೆನ್‌ಗೆ ಮಾತ್ರ ನಗು. ಹೆತ್ತವಳ ಕಣ್ಣೆದುರಿಗೇ ನಗು.

"ಸತ್ತೋನಿಗೆ ಯಾಕಜ್ಜಿ ಇಷ್ಟು ಮಾಂಸ? ಹಸಿದಿರೋನು ನಾನು." ರೊಟ್ಟಿ ಮುರಿದು ಎತ್ತಿ ಹಿಡಿದ. "ಇದು ಓಗ್ನೆನ್‌ಗೆ."

"ಲೋ, ಬೇಡ ಕಣೋ," ಎಂದಳು ಹೆಂಡತಿ ತಿಯಾನಾ.

"ನಿನ್ನ ಗಂಡನ ತಿಥಿ ಕಣೇ. ಸ್ವಲ್ಪ ಅಳು."

ಅವನು ತಿಂದ. ಪೆರ್ಸಿದಾಳ ಮುಖದ ಒಂದು ನೆರಿಗೆಯೂ ಅಲುಗಲಿಲ್ಲ. ಉರಿಯುವ ಬತ್ತಿಯನ್ನು ಕಿತ್ತು ಅವನ ಬೂಟಿನ ಮುಂದೆ ಹಿಮಕ್ಕೆ ಚುಚ್ಚಿದಳು. ಬಾಯೊಳಗೇ ಏನೋ ಮಣಮಣಿಸಿದಳು.

"ಅವನಿಗೇ ಮುಟ್ಟಲಿ."

ಕಾರು ಕಣಿವೆಗಿಳಿಯುವಷ್ಟರಲ್ಲಿ ಓಗ್ನೆನ್‌ಗೆ ಹಸಿವಾಯಿತು. ಬಿಸ್ಕತ್ತು ತಿಂದ. ಸಾಸೇಜು ತಿಂದ. ನಾಲಿಗೆಗೆ ಬರೀ ಬೂದಿ, ಗಂಟಲಿನ ಕೆಳಗೆ ಏನೂ ಇಳಿದಂತಾಗಲಿಲ್ಲ. ಹೀಟರ್ ಬುಸುಗುಟ್ಟುತ್ತಿತ್ತು. ತಿಯಾನಾ ಬೆವೆತು ಕೋಟು ಕಳಚಿದಳು. ಅವನ ಹಲ್ಲು ಕಟಕಟನೆ ಬಡಿಯುತ್ತಿತ್ತು. ಕಾರಿನೊಳಗೆ ಕರಗಿದ ಮೇಣದ ವಾಸನೆ. ಅದರಡಿಯಲ್ಲಿ ಈಗಷ್ಟೇ ಅಗೆದ ಮಣ್ಣಿನ ವಾಸನೆ. ಅವಳ ಉಸಿರಿಗೆ ಕಿಟಕಿ ಮಂಜುಗಟ್ಟುತ್ತಿತ್ತು. ಅವನ ಕಡೆಯ ಗಾಜು ಒಣಗಿಕೊಂಡೇ ಇತ್ತು.

"ಗಾಡಿ ತಿರುಗ್ಸು," ಎಂದಳು.

"ಆ ಮುದುಕಿಗೆ ಹೆದರಿ ವಾಪಸ್ ಹೋಗೋದಾ? ಮಾನ ಹೋಗುತ್ತೆ."

ತಿರುವು. ಸೆಟೆದ ಬೆರಳು ಮಡಚಲು ಬರಲಿಲ್ಲ. ಸ್ಟೀರಿಂಗ್ ಜಾರಿತು. ಚಕ್ರ ಜಾರಿತು. ಹಿಮದ ದಿಬ್ಬ. ಧಡ್. ತಿಯಾನಾ ಅವನ ಎದೆಯ ಮೇಲೆ ಕೈಯಿಟ್ಟಳು. ಬಡಿತ ಹುಡುಕಿದಳು. ಬಲು ನಿಧಾನ. ಬಲು ದೂರ. ಅವನನ್ನು ಪಕ್ಕದ ಸೀಟಿಗೆ ಎಳೆದು ಹಾಕಿ, ತಾನೇ ಕಾರು ತಿರುಗಿಸಿದಳು.

ಪೆರ್ಸಿದಾ ಮೇಜಿನ ಬಟ್ಟೆ ಮಡಚುತ್ತಿದ್ದಳು.

"ಅಜ್ಜಿ, ಕಾಲಿಗೆ ಬೀಳ್ತೀನಿ. ಬಿಡಿಸಿಕೊಡಿ."

"ಕೊಟ್ಟಿದ್ದು ವಾಪಸ್ ಬರಲ್ಲ ತಾಯಿ. ಉಸಿರಿದ್ರೂ ಅವನೀಗ ಆ ಕಡೆಯೋನು. ಯಾರಾದ್ರೂ ಅವನ ಹೆಸರು ಹೇಳಿ ತಿಂದ್ರೇನೇ ಅವನಿಗೆ ಊಟ. ಆದ್ರೆ ಉಸಿರಿರೋನಿಗೆ ಎಡೆ ಇಟ್ರೆ, ತಿಂದೋರ ಹೊಟ್ಟೇಲಿ ಏನೂ ಉಳಿಯಲ್ಲ. ಯೋಚನೆ ಮಾಡು."

ತಿಯಾನಾ ಯೋಚಿಸಲಿಲ್ಲ. ಉಳಿದ ರೊಟ್ಟಿಯ ಚೂರು ಎತ್ತಿಕೊಂಡಳು. "ಓಗ್ನೆನ್‌ಗೆ." ನುಂಗಿದಳು. ಕಾರಿನಲ್ಲಿದ್ದವನ ತುಟಿಗೆ ಮತ್ತೆ ಕೆಂಪು ಬಂತು. ಅವಳ ಹೊಟ್ಟೆಯಲ್ಲಿ ಬರೀ ಗಾಳಿ.

ಅಂದು ಸುರಿದ ಹಿಮಕ್ಕೆ ದಾರಿ ಮುಚ್ಚಿತು. ಕಣಿವೆಯ ಸಣ್ಣ ವಸತಿಗೃಹದಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಪ್ರತಿ ತುತ್ತನ್ನೂ ಅವಳು ಅವನ ಹೆಸರು ಹೇಳಿಯೇ ನುಂಗುತ್ತಿದ್ದಳು. ದಿನ ಕಳೆದಂತೆ ಅವನ ಕೆನ್ನೆ ತುಂಬಿತು. ಅವಳ ಕೆನ್ನೆ ಒಳಕ್ಕೆ ಹೋಯಿತು. ತನಗೆಂದು ಒಂದು ತುತ್ತು ಎತ್ತಿದರೆ ಸಾಕು, 'ಚಳಿ, ಸತ್ತೆ' ಎಂದು ಅವನು ಅವಳ ಮಣಿಕಟ್ಟು ಹಿಡಿಯುತ್ತಿದ್ದ.

"ಮಾಂಸ ತಿನ್ನೇ. ಬರೀ ಸಾರಲ್ಲಿ ನನ್ನ ಹೊಟ್ಟೆ ತುಂಬಲ್ಲ."

"ನಂಗೂ ಹಸಿವು ಕಣೋ."

"ನೀನು ಬದುಕಿದ್ದೀಯಲ್ಲ. ತಡ್ಕೋ."

ತಿಯಾನಾ ಅವನನ್ನೇ ನೋಡಿದಳು. ಚಮಚ ಎತ್ತಿದಳು. ತುಟಿ ಬಿಚ್ಚಿದಳು. ಹೆಸರು ಹೇಳಲಿಲ್ಲ. ನುಂಗಿದಳು. ಬಿಸಿ. ಉಪ್ಪು. ಬೆಳ್ಳುಳ್ಳಿ. ಹೊಟ್ಟೆಯ ತಳದವರೆಗೂ ಇಳಿಯಿತು.

ಎದುರಿಗೆ ಓಗ್ನೆನ್ ಚಳಿ ತಾಳಲಾರದೆ ಕೋಟಿನ ಗುಂಡಿಗಾಗಿ ತಡಕಾಡುತ್ತಿದ್ದ. "ಏಯ್... ನೀನು ಹೇಳಲಿಲ್ಲ."

ಅವಳು ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು ಮಾಂಸ ಕತ್ತರಿಸತೊಡಗಿದಳು.