ರದ್ದಾದ ಒಂದು ವಾರ

"ಏನ್ರೀ ಮಾಡ್ತಿದೀರಾ ಅಲ್ಲಿ?"

ನೆಸ್ಟಾಳ ಕೂಗಿಗೆ, ಮೆಟ್ಟಿಲ ಮೇಲೆ ಮಂಡಿಯೂರಿ ಕೂತಿದ್ದವನು ಬೆಚ್ಚಿಬಿದ್ದ. ಕೈಯಲ್ಲಿ ಅಳತೆ ಟೇಪು, ಕಿವಿಯ ಮೇಲೊಂದು ಪೆನ್ಸಿಲ್ಲು.

"ಮೆಟ್ಟಿಲು ಎಷ್ಟು ಎತ್ತರ ಅಂತ ನೋಡ್ತಿದ್ದೆ... ಬಾಗಿಲು ತೆಗೆದೇ ಇತ್ತು."

"ತೆಗೆದಿದ್ರೆ ನುಗ್ಗಿಬಿಡೋದಾ? ಇದೇನು ಸಂತೆನಾ?"

"ಸಂತೆ ಹೊರಗಡೆ ಇದೆಯಲ್ಲ," ಎಂದ ಅವನು ಮೆಲ್ಲಗೆ.

ನಗಬಾರದೆಂದು ತುಟಿ ಕಚ್ಚಿಕೊಂಡರೂ ನೆಸ್ಟಾಳಿಗೆ ನಗು ಬಂದೇಬಿಟ್ಟಿತು. ಸೋಮವಾರ. ಲಡ್ಲೋ ಊರಿನ ಕೋಟೆಯೆದುರಿನ ಚೌಕದಲ್ಲಿ ಚೀಸು ಮಾರುವವರ ಕೂಗು ಈ ಮನೆಯೊಳಗೂ ಕೇಳುತ್ತಿತ್ತು.

ಅವನ ಹೆಸರು ಗಿಡಿಯನ್ ಬೆಬ್. ಉತ್ತರದ ಲೀಡ್ಸ್ ಊರಿನಲ್ಲಿ ಹಳೆಯ ಕುರ್ಚಿ ಮೇಜು ರಿಪೇರಿ ಮಾಡುವವನು. ಮೇ ತಿಂಗಳಲ್ಲಿ ಒಂದು ವಾರ ರಜೆಗೆ ಈ ಮನೆಯೇ ಬೇಕು ಎಂದ.

"ಎಷ್ಟು ಜನ?"

"ಇಬ್ಬರು. ಅಟ್ಟದ ಕೋಣೆ ಬೇಕೇ ಬೇಕು."

ನಾನೂರು ವರ್ಷದ ಆ ಮರದ ಮನೆ ಮಿಸೆಸ್ ಗ್ವಿಲ್ಟ್ ಅವರದು. ರಜೆಗೆ ಬರುವವರಿಗೆ ಅದನ್ನು ಬಾಡಿಗೆಗೆ ಕೊಡುವುದು, ನೋಡಿಕೊಳ್ಳುವುದು ನೆಸ್ಟಾಳ ಕೆಲಸ. ಗಂಡ ಬಿಟ್ಟುಹೋದ ಮೇಲೆ ಆರು ವರ್ಷಗಳಿಂದ ಅದರ ಹಿಂಭಾಗದ ಎರಡು ಕೋಣೆಗಳೇ ಅವಳ ಲೋಕ.

ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಗಿಡಿಯನ್‌ನ ಫೋನು. ಅಟ್ಟದ ಕಿಟಕಿಗೆ ಬೆಳಕು ಎಷ್ಟು ಹೊತ್ತಿಗೆ ಬರುತ್ತೆ? ಮೆಟ್ಟಿಲ ಕೈಹಿಡಿ ಗಟ್ಟಿಯಾಗಿದೆಯಾ? ನದಿಗೆ ಇಳಿಯುವ ದಾರಿ ಜಾರುತ್ತಾ? ಪ್ರಶ್ನೆ ಮುಗಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ. ಅವನಿಗೆ ಸುಟ್ಟುಹೋದ ಕೇಕಿನ ಕತೆ ಹೇಳುವಾಗ ತಾನು ಕನ್ನಡಿ ಮುಂದೆ ನಿಂತಿದ್ದೇನೆ ಎಂದು ಒಂದು ದಿನ ನೆಸ್ಟಾಳಿಗೆ ಹೊಳೆಯಿತು.

'ಛೆ! ಫೋನಿನಲ್ಲಿ ಮುಖ ಕಾಣುತ್ತಾ?'

ಏಪ್ರಿಲ್‌ನಲ್ಲಿ ಮಿಸೆಸ್ ಗ್ವಿಲ್ಟ್ ಚಹಾಕ್ಕೆ ಕರೆದರು.

"ಮನೆ ಮಾರ್ತಿದೀನಿ ಕಣೇ. ಉತ್ತರದ ಕಡೆಯವರು ಯಾರೋ ಬಹಳ ಆಸೆಪಟ್ಟಿದಾರೆ. ಸದ್ದಿಲ್ಲದೆ ಜನ ಕಳಿಸಿ ಅಳತೆ ಕೂಡ ತಗೊಂಡಿದಾರಂತೆ!"

ನೆಸ್ಟಾ ಬಟ್ಟಲನ್ನು ಕೆಳಗಿಟ್ಟಳು. ಉತ್ತರದ ಕಡೆ... ಅಳತೆ... ಭಾನುವಾರದ ಆ ಪ್ರಶ್ನೆಗಳೆಲ್ಲ ಇದಕ್ಕಾ? ನನ್ನ ಸೂರನ್ನು ಕಸಿಯಲು ನನ್ನ ಬಾಯಿಂದಲೇ ವಿಷಯ ತೆಗೆದನಾ?

ಆ ಸಂಜೆಯೇ ಅವಳು ಫೋನು ಮಾಡಿದಳು. "ನಿಮ್ಮ ಬುಕಿಂಗ್ ರದ್ದು ಮಾಡಿದೀನಿ."

"ನೆಸ್ಟಾ, ಯಾಕೆ? ಏನಾಯ್ತು? ಮೇ ತಿಂಗಳಲ್ಲೇ ಬರಬೇಕು ನಾವು. ಆಮೇಲೆ ಬಂದು ಪ್ರಯೋಜನ ಇಲ್ಲ!"

"ಹೌದು, ಆಮೇಲೆ ಮನೆ ಕೈತಪ್ಪಿ ಹೋಗುತ್ತಲ್ಲ!"

ಫೋನು ಇಟ್ಟಳು. ಮತ್ತೆ ಮತ್ತೆ ಬಂದ ಕರೆಗಳನ್ನು ಎತ್ತಲಿಲ್ಲ. ಮೇ ತಿಂಗಳ ಆ ವಾರ ಅಟ್ಟದ ಹಾಸಿಗೆ ಮಡಿಸಿದಂತೆಯೇ ಇತ್ತು.

ಜುಲೈನಲ್ಲಿ ಕೊಳ್ಳುವವರು ಬಂದರು. ಉತ್ತರದ ಯಾರ್ಕ್ ಊರಿನ ದಂಪತಿ, ಜೊತೆಗೊಬ್ಬ ಎಂಜಿನಿಯರ್.

"ಗಿಡಿಯನ್ ಬೆಬ್ ನಿಮ್ಮ ಕಡೆಯವರಲ್ವಾ?" ನೆಸ್ಟಾ ಕೇಳಿದಳು.

"ಬೆಬ್ಬಾ? ಆ ಹೆಸರೇ ಕೇಳಿಲ್ಲಮ್ಮ."

ಹಾಗಾದರೆ ಗಿಡಿಯನ್ ಅಳತೆ ತೆಗೆದದ್ದು ಯಾಕೆ? ಫೋನು ಮಾಡಿದರೆ ಅವನು ಎತ್ತಲಿಲ್ಲ. ಮೂರು ದಿನ ಒದ್ದಾಡಿ, ಬುಕಿಂಗ್ ಕಾಗದದಲ್ಲಿದ್ದ ವಿಳಾಸ ಹಿಡಿದು ಲೀಡ್ಸ್ ರೈಲು ಹತ್ತಿದಳು.

ಬಾಗಿಲು ತೆರೆದದ್ದು ಎಂಬತ್ತರ ಮುದುಕ. ಮುಖ ಅವಳತ್ತ ಇತ್ತು. ನೋಟ ಮಾತ್ರ ಅವಳ ಭುಜ ದಾಟಿ ಎಲ್ಲೋ ನಿಂತಿತ್ತು.

"ಯಾರದು?"

ನೆಸ್ಟಾಳಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಕೈಹಿಡಿ... ಮೆಟ್ಟಿಲು... ಬೆಳಕು...

"ನಾನು... ಲಡ್ಲೋದಿಂದ ಬಂದಿದೀನಿ. ನೆಸ್ಟಾ."

ಮುದುಕ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ನಮ್ಮಮ್ಮ ಆ ಮನೇಲಿ ಅಡುಗೆಯವಳು. ಆ ಅಟ್ಟದಲ್ಲೇ ಬೆಳೆದೆ ನಾನು. ಬೇಸಿಗೆ ಕಳೆಯೋದ್ರೊಳಗೆ ಕಣ್ಣು ಪೂರ್ತಿ ಹೋಗುತ್ತೆ ಅಂದಿದ್ರು ಡಾಕ್ಟ್ರು. ಜೂನ್‌ನಲ್ಲೇ ಹೋಯ್ತು."

"ನನಗೆ ಗೊತ್ತಿರಲಿಲ್ಲ..."

"ಹೇಗೆ ಗೊತ್ತಾಗುತ್ತೆ? ಯಾರ ಹತ್ರಾನೂ ಬಾಯಿ ಬಿಡಬೇಡ ಅಂತ ಮಗನಿಂದ ಆಣೆ ಹಾಕಿಸಿಕೊಂಡಿದ್ದೆ. ಕನಿಕರ ಅಂದ್ರೆ ನನಗಾಗಲ್ಲ. ಆದ್ರೂ ಆ ಕಿಟಕಿಯಿಂದ ಒಂದ್ಸಲ ನೋಡಬೇಕಿತ್ತಮ್ಮ. ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ. ಹೋಗು, ಹಿತ್ತಲಲ್ಲಿದಾನೆ. ಅವನಿಗೆ ಸಿಟ್ಟು ನನಗಿಂತ ಜಾಸ್ತಿ ಇದೆ."

ಹಿತ್ತಲ ಶೆಡ್ಡಿನಲ್ಲಿ ಗಿಡಿಯನ್ ಕುರ್ಚಿಯ ಕಾಲು ಉಜ್ಜುತ್ತಿದ್ದ. ಅವಳನ್ನು ಕಂಡವನ ಕೈ ನಿಂತಿತು. ಅವಳು ಏನನ್ನೂ ಬಚ್ಚಿಡದೆ ಎಲ್ಲ ಹೇಳಿದಳು.

"ಒಂದು ಮಾತು ಕೇಳಿದ್ರೆ ಸಾಕಿತ್ತು ನೆಸ್ಟಾ. ಆಣೆ ಮುರಿದಾದ್ರೂ ಹೇಳ್ತಿದ್ದೆ. ನೀವು ಕೇಳಲೇ ಇಲ್ಲ."

"ಕೇಳೋಕೆ ಭಯ ಆಯ್ತು! ಭಾನುವಾರದ ಮಾತೆಲ್ಲ ಸುಳ್ಳು ಅಂತ ನಿಮ್ಮ ಬಾಯಿಂದ ಬಂದುಬಿಟ್ರೆ... ಆರು ವರ್ಷದಲ್ಲಿ ನಾನು ಕಾಯ್ತಿದ್ದದ್ದು ಆ ಒಂದು ಫೋನಿಗೆ ಗಿಡಿಯನ್!"

ಅವಳ ಕಣ್ಣೀರು ಕೆನ್ನೆಗಿಳಿಯಿತು. ಒರೆಸಿಕೊಳ್ಳಲಿಲ್ಲ.

"ಹೋದದ್ದನ್ನ ವಾಪಸ್ ಕೊಡೋಕೆ ನನ್ನಿಂದಾಗಲ್ಲ. ಸೆಪ್ಟೆಂಬರ್ ಕೊನೇಲಿ ಮನೆ ಬೇರೆಯವರದಾಗುತ್ತೆ. ಅಷ್ಟರೊಳಗೆ ಒಂದು ವಾರ ಬಂದಿರಿ ಅಂತ ಕೇಳೋಕೆ ಬಂದೆ. ಮಿಸೆಸ್ ಗ್ವಿಲ್ಟ್ ಒಪ್ಪಿದಾರೆ. ಮೂರು ವಾರ ಯಾರಿಗೂ ಕೊಟ್ಟಿಲ್ಲ."

"ಕುರುಡನಿಗೆ ಕಿಟಕಿ ಯಾಕೆ?" ಎಂದ ಗಿಡಿಯನ್.

"ಯಾಕೆ ಅಂದ್ರೆ?" ಹಿತ್ತಲ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ಮುದುಕ ಗದರಿದ. "ಕಿಟಕಿ ತೆಗೆದು ನನ್ನನ್ನ ಪಕ್ಕದಲ್ಲಿ ಕೂರಿಸು. ಕಿವಿ ಇನ್ನೂ ನೆಟ್ಟಗಿದೆ! ಯಾವ ವಾರ ಅಂತ ಇಬ್ಬರೂ ಕೂತು ಗೊತ್ತುಮಾಡಿ."

ಅವನು ತಡಕಾಡುತ್ತಾ ಒಳಗೆ ಹೋದ. ಗಿಡಿಯನ್ ಕುರ್ಚಿಯ ಮೇಲಿನ ಧೂಳು ಒರೆಸಿ ಅವಳ ಕಡೆ ಸರಿಸಿದ. ಅವಳು ಕೂತಳು.

"ಸೆಪ್ಟೆಂಬರ್ ಆದ್ಮೇಲೆ ನೀವೆಲ್ಲಿಗೆ ಹೋಗ್ತೀರಾ?"

"ಗೊತ್ತಿಲ್ಲ. ಇನ್ನೂ ಯೋಚಿಸಿಲ್ಲ."

"ಅದನ್ನೂ ಸೇರಿ ಯೋಚಿಸೋಣ್ವಾ?"

ನೆಸ್ಟಾ ತಲೆಯೆತ್ತಿದಳು. "ನನ್ನ ಮೇಲಿನ ಸಿಟ್ಟು?"

"ಇದೆ. ಸ್ವಲ್ಪ ದಿನ ಇರುತ್ತೆ." ಅವನ ಒರಟು ಬೆರಳು ಅವಳ ಕೆನ್ನೆಯನ್ನು ಒರೆಸಿತು. "ಆದ್ರೆ ಎಷ್ಟೋ ಭಾನುವಾರ ಫೋನು ಕೈಯಲ್ಲಿ ಹಿಡಿದು ಕೂತಿದ್ದೆ ನೆಸ್ಟಾ... ಸಿಟ್ಟಿನ ಜೊತೆಗೇ ನಾನು ಬಂದ್ರೆ ನಡೆಯುತ್ತಾ?"

"ನಡೆಯುತ್ತೆ," ಎಂದಳು ಅವಳು, ಅವನ ಕೈಯನ್ನು ಕೆನ್ನೆಗೊತ್ತಿಕೊಂಡು. "ನೀನು ಬಾ ಸಾಕು..."