ಬಲೆ ಹೋದ ದಾರಿ

ಡ್ರಾಯಿಂಗ್ ಕಾಗದಕ್ಕೆ ಹದಿನೈದು ಹೊಸ ಪೈಸೆ, ಶಾಯಿ ಬಾಟ್ಲಿಗೆ ಮೂವತ್ತು.

“ಇಷ್ಟು ಕೊಟ್ಟು ಶ್ಯಾವಿಗೆ ಚೆಲ್ಲಿದ್ದಾ?” ಅಮ್ಮ ಪ್ರೇಮಾವತಿ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇದರ ತಲೆ ಯಾವುದು, ಬುಡ ಯಾವುದು?”

“ಅದು ಜತ್ತಪ್ಪಣ್ಣ ಹೊಳೆಯಲ್ಲಿ ಮೀನಿಗೆ ಬಲೆ ಬೀಸುವುದು,” ಎಂದಳು ಐದನೇ ಕ್ಲಾಸಿನ ಕಾಂತಿ. ಬೀಸಿದ ಬಲೆ ಎಲ್ಲೂ ನಿಲ್ಲುವುದಿಲ್ಲ. ಅದಕ್ಕೆ ಅವಳು ಬಲೆ ಹೋದ ದಾರಿಯನ್ನಷ್ಟೇ ಬರೆದಿದ್ದಳು.

ಶಾಲೆಯಲ್ಲೂ ಇದೇ ಕತೆ. “ಬಲೆ ಎಲ್ಲಿ? ಬೀಸುವವ ಎಲ್ಲಿ? ನಾಳೆ ಮನುಷ್ಯನನ್ನು ಬರೆದು ತಾ. ಇಲ್ಲದಿದ್ರೆ ಶಾಲೆಯ ಚಿತ್ರ ಪ್ರದರ್ಶನಕ್ಕೆ ಇಲ್ಲ,” ಎಂದಿದ್ದರು ಸುಬ್ಬಯ್ಯ ಮಾಸ್ಟ್ರು.

ಇನ್ನೊಂದು ಕಾಗದ ಕೇಳುವ ಧೈರ್ಯ ಕಾಂತಿಗೆ ಇರಲಿಲ್ಲ. ಆ ಗೆರೆಗಳ ಮೇಲೆಯೇ ಮನುಷ್ಯನನ್ನು ಬರೆಯಲು ಚಿತ್ರವನ್ನೂ ಶಾಯಿಯನ್ನೂ ಹಿಡಿದು ನೇತ್ರಾವತಿ ಹೊಳೆಯ ದಡಕ್ಕೆ ಹೋದಳು.

“ಜತ್ತಪ್ಪಣ್ಣಾ, ಸ್ವಲ್ಪ ಅಲ್ಲಾಡದೆ ನಿಲ್ಲಿ. ನಿಮ್ಮನ್ನು ಬರೀಬೇಕು.”

“ನಾನು ನಿಂತ್ರೆ ಮೀನು ನಿಮ್ಮ ಮಾಸ್ಟ್ರು ಹಿಡೀತಾರಾ?” ಜತ್ತಪ್ಪ ನಗುತ್ತಾ ನೀರಿನಿಂದ ಮೇಲೆ ಬಂದ. “ತೋರಿಸು, ನೋಡುವ.”

ನೋಡುತ್ತಾ ಅವನ ನಗು ನಿಂತಿತು. ಒದ್ದೆ ಬೆರಳನ್ನು ಕಾಗದಕ್ಕೆ ತಾಗಿಸದೆ, ಗೆರೆಯ ಮೇಲಿನ ಗಾಳಿಯಲ್ಲೇ ಎಳೆದುಕೊಂಡು ಹೋದ. ಜೊತೆಗೆ ಅವನ ಸೊಂಟವೂ ತಿರುಗಿತು.

“ಇಲ್ಲಿ ಕೈ ಬಿಟ್ಟದ್ದು. ಗೆರೆ ತೆಳು ಆಯ್ತು ನೋಡು, ಭಾರ ಹೋಯ್ತು. ಇಲ್ಲಿ ಬಲೆ ಅರಳಿದ್ದು.” ಎಡಬದಿಯಲ್ಲಿ ಗೆರೆ ಮುದುಡಿತ್ತು. ಬೆರಳು ಅಲ್ಲಿ ನಿಂತಿತು. “ಇದು ಯಾವತ್ತು ಬರೆದದ್ದು?”

“ಗುರುವಾರ. ಅಲ್ಲಿ ನನ್ನ ಕೈ ತಪ್ಪಿತು ಕಾಣ್ತದೆ.”

“ನಿನ್ನದಲ್ಲ ಮಗಾ, ನನ್ನದು. ಅವತ್ತಿನಿಂದ ಎಡ ಭುಜ ನೋವು. ಬಲೆ ಆ ಬದಿ ಬಿಚ್ಚುವುದೇ ಇಲ್ಲ. ಮನೆಯಲ್ಲೂ ಹೇಳ್ಲಿಲ್ಲ ನಾನು. ನಿನ್ನ ಗೆರೆಗೆ ಹೇಗೆ ಗೊತ್ತಾಯ್ತು ಮಾರಾಯ್ತಿ?”

ಕಾಂತಿ ಶಾಯಿ ಬಾಟ್ಲಿಯ ಮುಚ್ಚಳ ಬಿಚ್ಚಿದಳು. “ಹಾಗಾದ್ರೆ ನಿಮ್ಮನ್ನು ಎಲ್ಲಿ ಬರೆಯುವುದು?”

“ಎಷ್ಟು ಸಲ ಬರೀತಿ? ನಾನು ಉಂಟಲ್ಲ ಇದರಲ್ಲಿ!”

ಕಾಂತಿ ಬಾಟ್ಲಿಯ ಮುಚ್ಚಳ ಬಿಗಿ ಮಾಡಿದಳು. ಚಿತ್ರವನ್ನು ಅವನ ಕೈಗೇ ಕೊಟ್ಟಳು. ಮನೆಗೆ ಓಡಿ, ಅಮ್ಮ ನೋವಿಗೆ ಹಚ್ಚುವ ಎಣ್ಣೆಯನ್ನೂ ತಂದುಕೊಟ್ಟಳು.

ಜತ್ತಪ್ಪ ಆ ಚಿತ್ರವನ್ನು ತನ್ನ ಮನೆಯ ಗೋಡೆಗೆ, ಬಲೆ ತೂಗುವ ಮೊಳೆಯ ಪಕ್ಕ, ಅನ್ನದ ಅಗುಳಿನಿಂದ ಅಂಟಿಸಿದ.

ಶಾಲೆಯ ಗೋಡೆಯಲ್ಲಿ ಕಾಂತಿಯ ಚಿತ್ರ ಇರಲಿಲ್ಲ. ಪ್ರದರ್ಶನ ಕೈತಪ್ಪಿತು. ಆದರೆ ಅವಳ ಗೆರೆ ಓದಬಲ್ಲವರೊಬ್ಬರು ಸಿಕ್ಕಿದರು.