ಗೋಡೆಯ ಮೇಲೆ ನಡೆದ ಮದುಮಗಳು

ಲಮೀಸ್ ತನ್ನ ರೊಟ್ಟಿಯನ್ನು ಎರಡು ತುಂಡು ಮಾಡಿದಳು. ದೊಡ್ಡ ತುಂಡನ್ನು ರನೀಮ್‌ಗೆ ಕೊಟ್ಟಳು.

ಆಚೆ ಬೆಂಚಿನಲ್ಲಿ ಕೂತಿದ್ದ ಜುಮಾನಾ ಅದನ್ನು ನೋಡಿದಳು. ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಲಮೀಸ್‌ಳ ಅಮ್ಮ ಎಳ್ಳು, ಝಾತರ್ ಸೊಪ್ಪಿನ ಪುಡಿ, ಎಣ್ಣೆ ಸವರಿ ಸುಡುವ ರೊಟ್ಟಿ ಅದು. ಅದರ ದೊಡ್ಡ ತುಂಡು ಒಂದನೇ ಕ್ಲಾಸಿನಿಂದಲೂ ಜುಮಾನಾಳದೇ.

"ಮೊಟ್ಟೆ ತಿನ್ನಲ್ವಾ ನೀನು? ಹಾಗಾದ್ರೆ ನಂಗೆ ಕೊಡು," ಎಂದಳು ಪಕ್ಕದಲ್ಲಿ ಕೂತ ಹಲಾ.

"ತಗೋ. ಡಬ್ಬಿನೂ ತಿನ್ಕೋ."

"ಡಬ್ಬಿ ಬೇಡ," ಎಂದು ಹಲಾ ಮೊಟ್ಟೆ ಮಾತ್ರ ಎತ್ತಿಕೊಂಡಳು.

ರನೀಮ್ ಈ ಸ್ಕೂಲಿಗೆ ಹೊಸಬಳು. ಅಪ್ಪನಿಗೆ ಇಲ್ಲಿ ಕೆಲಸ ಸಿಕ್ಕಿತೆಂದು ಅಕಬಾದ ಸಮುದ್ರದಂಡೆಯಿಂದ ಈ ಕರಕ್ ಬೆಟ್ಟದ ಮೇಲಕ್ಕೆ ಬಂದಿದ್ದಳು. ಗುಂಗುರು ಕೂದಲು, ಮೆಲ್ಲನೆ ದನಿ. ಮೊದಮೊದಲು ಅವಳು ಬಾಯಿ ಬಿಡುತ್ತಲೇ ಇರಲಿಲ್ಲ. ಹಾಗೇ ಇದ್ದಿದ್ದರೆ ಜುಮಾನಾಗೆ ಯಾವ ತೊಂದರೆಯೂ ಇರಲಿಲ್ಲ.

ತೊಂದರೆ ಶುರುವಾದದ್ದು ಇತಿಹಾಸದ ಕ್ಲಾಸಿನಲ್ಲಿ.

ಈ ವರ್ಷ ಐದನೇ ಕ್ಲಾಸಿಗೆ ಶಿಲುಬೆ ಯುದ್ಧಗಳ ಪಾಠ. ಪಾಠ ಮುಗಿದ ಮೇಲೆ ಮಿಸ್ ಗೈದಾ ಒಂದು ಆಟ ಆಡಿಸುತ್ತಿದ್ದರು. "ಹಾಗಾಗದೆ ಹೀಗಾಗಿದ್ದರೆ?" ಅಂತ ಆ ಆಟದ ಹೆಸರು. ಯುರೋಪಿನಿಂದ ಬಂದು ಇಲ್ಲಿ ಬಾಯಾರಿ ಸೋತ ಫ್ರಾಂಕರ ಸೈನ್ಯಕ್ಕೆ ದಾರಿಯಲ್ಲಿ ಒಂದು ಬಾವಿ ಸಿಕ್ಕಿದ್ದರೆ? ದೂರದ ದೇಶದಿಂದ ಹೊರಟ ಮುದಿ ಚಕ್ರವರ್ತಿ ಹೊಳೆಯಲ್ಲಿ ಮುಳುಗಿ ಸಾಯದೇ ಇದ್ದಿದ್ದರೆ? ಆಮೇಲೆ ಏನೇನಾಗುತ್ತಿತ್ತು ಅಂತ ಮಕ್ಕಳು ಹೇಳಬೇಕು.

ಈ ಆಟಕ್ಕೆ ಜುಮಾನಾಳೇ ರಾಣಿ. ಅವಳ ಕತೆಗಳಲ್ಲಿ ಕುದುರೆಗಳು ಓಡುತ್ತಿದ್ದವು, ಕತ್ತಿಗಳು ಖಣಖಣ ಅನ್ನುತ್ತಿದ್ದವು, ಕೊನೆಗೆ ಕೋಟೆಯೊಂದು ದಡಾರನೆ ಬೀಳುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಚಕ್ರವರ್ತಿಯ ಕತೆಯ ದಿನವೂ ಅವಳೇ ಮೊದಲು ಕೈ ಎತ್ತಿದ್ದಳು. ಆದರೆ ಮಿಸ್, "ರನೀಮ್, ನೀನೇನಾದ್ರೂ ಹೇಳ್ತೀಯಾ?" ಎಂದರು.

ರನೀಮ್ ಎದ್ದು ನಿಂತಳು. "ಅವನನ್ನ ಹೊಳೆಯಿಂದ ಎಳೆದು ಹಾಕಿದವನು ಒಬ್ಬ ಮೀನುಗಾರ ಆಗಿದ್ರೆ?" ಎಂದಳು. "ಅವನಿಗೆ ಇವನು ಚಕ್ರವರ್ತಿ ಅಂತ ಗೊತ್ತೇ ಇಲ್ಲ. ಒದ್ದೆ ಬಟ್ಟೆ ಬಿಚ್ಚಿಸಿ, ತನ್ನ ಹರಕಲು ಅಂಗಿ ಕೊಟ್ಟ. ಇವನ ಸೈನಿಕರು ಹುಡುಕ್ಕೊಂಡು ಬಂದ್ರು. ಹರಕಲು ಅಂಗಿಯವನನ್ನ ಯಾರೂ ಗುರುತೇ ಹಿಡೀಲಿಲ್ಲ..."

ಕ್ಲಾಸಿನಲ್ಲಿ ಪಿಸುಮಾತೂ ಇಲ್ಲ. ಮಿಸ್ ಮೇಜಿನ ಅಂಚಿಗೆ ಒರಗಿ ಕೇಳುತ್ತಿದ್ದರು. ಜುಮಾನಾಳ ಕೈ ಇನ್ನೂ ಮೇಲೇ ಇತ್ತು. ಅದನ್ನು ಯಾರೂ ನೋಡಲಿಲ್ಲ. ಅವಳೇ ಇಳಿಸಿಕೊಂಡಳು.

ಅವತ್ತಿನಿಂದ ಅವಳು ಕೈ ಎತ್ತುವ ಮುಂಚೆ ರನೀಮ್ ಕಡೆ ನೋಡತೊಡಗಿದಳು.

ಈ ಗುರುವಾರ ಎಲ್ಲರೂ ಊರಿನ ಕೋಟೆಗೆ ಹೋಗುವುದಿತ್ತು. ರಾಜಧಾನಿ ಅಮ್ಮಾನ್‌ನಿಂದ ಮಕ್ಕಳ ರೇಡಿಯೋದವರು ಬರುತ್ತಾರೆ, ಅಲ್ಲೇ ಕೋಟೆಯ ಮೇಲೆ ಕತೆ ಹೇಳಬೇಕು, ಒಂದು ಕತೆಯನ್ನು ಆರಿಸಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ ಎಂದು ಮಿಸ್ ಹೇಳಿದ್ದರು. ಇಬ್ಬಿಬ್ಬರು ಸೇರಿ ಒಂದು ಕತೆ.

"ಲಮೀಸ್, ನಾವಿಬ್ರೂ ತಾನೇ?" ಎಂದು ಜುಮಾನಾ ಅವತ್ತೇ ಕೇಳಿದ್ದಳು.

"ಪಾಪ, ರನೀಮ್‌ಗೆ ಇಲ್ಲಿ ಯಾರೂ ಗೊತ್ತಿಲ್ಲ ಕಣೇ. ಇದೊಂದ್ ಸಲ..."

"ಹೋದ ಸಲ ಗ್ರೂಪ್ ಮಾಡಿದಾಗ್ಲೂ ಇದೊಂದ್ ಸಲ ಅಂದೆ!"

"ಅಯ್ಯೋ, ಅದಕ್ಯಾಕೆ ಅಷ್ಟು ಸಿಟ್ಟು?"

"ಸಿಟ್ಟಾ? ನಂಗಾ? ಹೋಗು, ನಿನ್ನ ಅಕಬಾ ಮೀನಿನ ಜೊತೆನೇ ಇರು. ಮೈಯೆಲ್ಲಾ ವಾಸನೆ ಹೊಡೀಲಿ."

ಲಮೀಸ್‌ಳ ಮುಖ ಸಪ್ಪಗಾಯಿತು. ತಿರುಗಿ ಹೊರಟುಹೋದಳು. ಕೊನೆಗೆ ಜುಮಾನಾಗೆ ಜೊತೆಯಾಗಿ ಸಿಕ್ಕಿದ್ದು ಹಲಾ.

ಕತೆ ಹೇಳಬೇಕಾಗಿದ್ದದ್ದು ಕೋಟೆಯ ಮದುವೆಯ ಬಗ್ಗೆ. ಕರಕ್‌ನ ಮಕ್ಕಳಿಗೆ ಅದು ಅಜ್ಜಿಯ ತೊಡೆಯ ಮೇಲೆ ಕೂತು ಕೇಳಿದ ಕತೆ. ಆಗ ಕೋಟೆ ಫ್ರಾಂಕರ ಕೈಯಲ್ಲಿತ್ತು. ಒಳಗೆ ಮದುವೆ ನಡೆಯುತ್ತಿತ್ತು. ಮದುಮಗಳಿಗೆ ಬರೀ ಹನ್ನೊಂದು ವರ್ಷ. ಅದೇ ಹೊತ್ತಿಗೆ ಸುಲ್ತಾನ ಸಲಾಹುದ್ದೀನ್ ದಂಡೆತ್ತಿ ಬಂದು ಸುತ್ತುವರಿದ. ಕವಣೆಯಂತ್ರಗಳಿಂದ ದೊಡ್ಡ ದೊಡ್ಡ ಕಲ್ಲುಗಳನ್ನು ಒಳಗೆ ಎಸೆಯಿಸಿದ. ಮದುಮಗನ ತಾಯಿ ಮದುವೆಯ ಊಟವನ್ನು ಸುಲ್ತಾನನಿಗೂ ಕಳಿಸಿದಳಂತೆ. "ಹುಡುಗ ಹುಡುಗಿ ಯಾವ ಬುರುಜಿನಲ್ಲಿದ್ದಾರೆ?" ಎಂದು ಸುಲ್ತಾನ ಕೇಳಿದನಂತೆ. ಆ ಬುರುಜಿಗೆ ಮಾತ್ರ ಕಲ್ಲು ಬೀಳಕೂಡದು ಎಂದು ತನ್ನವರಿಗೆ ಹೇಳಿದನಂತೆ.

ಜುಮಾನಾಳ ಕತೆ ರೆಡಿ ಇತ್ತು. ಅದರಲ್ಲಿ ಗೋಡೆ ಒಡೆಯುತ್ತಿತ್ತು, ಕುದುರೆಗಳು ನುಗ್ಗುತ್ತಿದ್ದವು.

ಬುಧವಾರ ಅವಳು ಬಾಟಲಿಗೆ ನೀರು ತುಂಬಲು ನಲ್ಲಿಯ ಹತ್ತಿರ ಹೋದಳು. ಗೋಡೆಯ ಆಚೆ ಆಲಿವ್ ಮರದ ಕೆಳಗೆ ಮಾತು ಕೇಳಿಸಿತು. ರನೀಮ್‌ಳ ದನಿ.

"ಆ ಬುರುಜಿಗೆ ಕಲ್ಲು ಬೀಳಲ್ಲ ಅಲ್ವಾ? ಹಾಗಾದ್ರೆ ಮದುಮಗಳು ಬಾಗಿಲು ತೆಗೆದು ಎಲ್ಲರನ್ನೂ ಒಳಗೆ ಕರೆದಿದ್ರೆ? ಊರವರು, ಮಕ್ಕಳು, ಅಡುಗೆಯವರು, ಆಡುಗಳು, ಎಲ್ಲಾ!"

"ಆಡೂನಾ?" ಲಮೀಸ್ ಕಿಲಕಿಲ ನಕ್ಕಳು.

"ಹೂಂ. ಆಮೇಲೆ ಏನಾಗುತ್ತೆ ಗೊತ್ತಾ..."

ಗಂಟೆ ಹೊಡೆಯಿತು. ಇಬ್ಬರೂ ಎದ್ದು ಓಡಿದರು. ಜುಮಾನಾಳ ಬಾಟಲಿ ತುಂಬಿ ನೀರು ಅವಳ ಶೂ ಮೇಲೆ ಸುರಿಯುತ್ತಿತ್ತು. ಎಷ್ಟು ಚೆನ್ನಾಗಿದೆ ಅಂತ ಅವಳಿಗೆ ಅನ್ನಿಸಿತು. ಇದು ನನಗ್ಯಾಕೆ ಹೊಳೆಯಲಿಲ್ಲ ಅಂತಲೂ ಅನ್ನಿಸಿತು.

ಗುರುವಾರ ಕೋಟೆಯ ಮೇಲೆ ಜೋರು ಗಾಳಿ. ರೇಡಿಯೋದ ನಿಸ್ರೀನ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೆಕ್ಕಿನ ಮರಿಯಂಥ ತುಪ್ಪಟದ ಮೈಕ್ ಹಿಡಿದು ನಿಂತಿದ್ದರು. ಲಮೀಸ್ ಮತ್ತು ರನೀಮ್ ದಾರಿಯುದ್ದಕ್ಕೂ ಕೈ ಹಿಡಿದುಕೊಂಡೇ ಬಂದಿದ್ದರು. ಈಗಲೂ ಬಿಟ್ಟಿರಲಿಲ್ಲ.

"ಯಾರು ಮೊದಲು?" ಎಂದರು ಮಿಸ್ ಗೈದಾ.

"ನಾವು ಮಿಸ್!" ಜುಮಾನಾ ಮುಂದೆ ಬಂದಳು.

ಗೋಡೆ ಒಡೆಯುವ ಕತೆಯನ್ನೇ ಹೇಳಬೇಕು ಎಂದು ಬಾಯಿ ತೆರೆದಳು. ಅವರಿಬ್ಬರ ಹಿಡಿದ ಕೈಗಳು ಮತ್ತೆ ಕಣ್ಣಿಗೆ ಬಿದ್ದವು. "ಮದುಮಗಳು ಬುರುಜಿನ ಬಾಗಿಲು ತೆಗೆದು ಎಲ್ಲರನ್ನೂ ಒಳಗೆ ಕರೆದಿದ್ರೆ?" ಎಂದುಬಿಟ್ಟಳು.

ಆಮೇಲೆ ನಿಲ್ಲಿಸಲು ಆಗಲಿಲ್ಲ. ಊರವರು ಬಂದರು, ಮಕ್ಕಳು ಬಂದರು, ಆಡುಗಳೂ ಬಂದವು. ಹುಡುಗಿಯರು ನಕ್ಕರು. "ವಾಹ್ ಜುಮಾನಾ!" ಎಂದರು ಮಿಸ್. ಲಮೀಸ್‌ಳ ಬಾಯಿ ತೆರೆದೇ ಇತ್ತು. ರನೀಮ್ ನೆಲ ನೋಡುತ್ತಿದ್ದಳು.

"ಲೇ, ನಮ್ ಕತೆ ಇದಲ್ವಲ್ಲೇ?" ಎಂದು ಹಲಾ ಪಿಸುಗುಟ್ಟಿದಳು.

"ಸುಮ್ನಿರು."

ನಿಸ್ರೀನ್ ಮೈಕನ್ನು ಇನ್ನೂ ಹತ್ತಿರ ತಂದರು. "ತುಂಬಾ ಚೆನ್ನಾಗಿದೆ ಮಗಳೇ. ನಂಗೆ ಇದೇ ಬೇಕು. ಮುಂದೆ ಏನಾಯ್ತು?"

"ಮುಂದೆ... ಎಲ್ಲರೂ ಒಳಗಿದ್ರು."

"ಹೂಂ, ಅಷ್ಟು ಜನ! ಹೊರಗೆ ಸುಲ್ತಾನ. ಆಮೇಲೆ?"

ಜುಮಾನಾಳ ತಲೆಯೊಳಗೆ ಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ. "ಕುದುರೆಗಳು..." ಎಂದಳು. ಕುದುರೆಗಳು ಬಂದು ಏನು ಮಾಡಬೇಕು?

"ಎಲ್ಲರೂ ಊಟ ಮಾಡಿದ್ರು," ಎಂದು ಹಲಾ ಸಹಾಯಕ್ಕೆ ಬಂದಳು. ಎಲ್ಲರೂ ಗೊಳ್ಳೆಂದು ನಕ್ಕರು.

ನಿಸ್ರೀನ್ ನಗಲಿಲ್ಲ. ನಿಜವಾಗಿಯೂ ತಿಳಿಯಬೇಕು ಎನ್ನುವಂತೆ ಕಾಯುತ್ತಾ ನಿಂತಿದ್ದರು. ಜುಮಾನಾಗೆ ಅಳು ಬರುವಂತಾಯಿತು. ಅಷ್ಟರಲ್ಲಿ ಒಂದು ವಿಚಿತ್ರ ಅವಳಿಗೆ ಗೊತ್ತಾಯಿತು. ಮುಂದೇನಾಯಿತು ಅಂತ ಅವಳಿಗೂ ತಿಳಿಯಬೇಕಿತ್ತು. ನಿನ್ನೆ ಗಂಟೆ ಹೊಡೆದಾಗಿನಿಂದಲೂ ತಿಳಿಯಬೇಕಿತ್ತು.

"ನಂಗೊತ್ತಿಲ್ಲ ಆಂಟಿ," ಎಂದಳು. ದನಿ ಅರ್ಧ ಗಾಳಿಗೆ ಹೋಯಿತು. "ಇದು ನನ್ ಕತೆ ಅಲ್ಲ. ರನೀಮ್‌ದು. ನಲ್ಲಿ ಹತ್ರ ಕದ್ದು ಕೇಳಿಸ್ಕೊಂಡೆ. ಅಷ್ಟೇ ಕೇಳ್ಸಿದ್ದು."

ಯಾರೂ ನಗಲಿಲ್ಲ. ಮಿಸ್ ಗೈದಾ ಅವಳನ್ನೇ ಒಂದು ಕ್ಷಣ ನೋಡಿದರು. "ಹೋಗಿ ಕೂತ್ಕೋ. ಆಮೇಲೆ ಮಾತಾಡೋಣ," ಎಂದರು. ಆ ಮಾತಿಗಿಂತ ಬೈದಿದ್ದರೇ ವಾಸಿಯಿತ್ತು.

ಮೈಕು ರನೀಮ್ ಹತ್ತಿರ ಹೋಯಿತು. ಅವಳು ಮೊದಲು ಒಲ್ಲೆ ಎಂದಳು. ಲಮೀಸ್ ಅವಳ ಬೆನ್ನು ತಟ್ಟಿದಳು. ಆಮೇಲೆ ಆ ಮೆಲ್ಲನೆ ದನಿ ಶುರುವಾಯಿತು.

"ಬುರುಜು ತುಂಬಿಹೋಯ್ತು. ಬಾಗಿಲು ಹಾಕೋಕೆ ಆಗ್ತಿಲ್ಲ. ಒಬ್ಬರು ಹೊರಗೆ ಹೋಗಲೇಬೇಕು. 'ನಾನು ಹೋಗ್ತೀನಿ' ಅಂತ ಮದುಮಗಳೇ ಹೊರಗೆ ಬಂದ್ಳು. ಕೋಟೆ ಗೋಡೆ ಹತ್ತಿದ್ಳು. ಕವಣೆಯವರು ಅವಳನ್ನ ನೋಡಿ, ಸುಲ್ತಾನನ ಹತ್ರ ಓಡಿದ್ರು. 'ಸ್ವಾಮಿ, ಹುಡುಗಿ ಬುರುಜಲ್ಲಿಲ್ಲ, ಗೋಡೆ ಮೇಲಿದ್ದಾಳೆ. ಈಗ ಎಲ್ಲಿಗೆ ಹೊಡೀಬೇಕು, ಎಲ್ಲಿಗೆ ಹೊಡೀಬಾರದು?' 'ಅವಳು ಎಲ್ಲಿದ್ದಾಳೋ ಅಲ್ಲಿಗೆ ಹೊಡೀಬೇಡಿ' ಅಂದ ಸುಲ್ತಾನ. ಅದು ಅವಳಿಗೆ ಗೊತ್ತಾಯ್ತು. ಆಗ ಅವಳು ನಡೆಯೋಕೆ ಶುರು ಮಾಡಿದ್ಳು. ಗೋಡೆ ಮೇಲೆ, ಸುತ್ತಲೂ. ಅವಳು ಹೋದಲ್ಲೆಲ್ಲಾ ಕವಣೆ ನಿಲ್ತಾ ಬಂತು. ಬಿಳೀ ಬಟ್ಟೆ, ಜೋರು ಗಾಳಿ. ಅವಳು ನಡೀತಾನೇ ಇದ್ಲು."

ಎಲ್ಲರೂ ತಲೆ ಎತ್ತಿ ಆ ಮುರಿದ ಗೋಡೆಯನ್ನು ನೋಡಿದರು. ಜುಮಾನಾ ಕೂಡ. ಅಲ್ಲಿ ಯಾರೋ ನಡೆದುಹೋದಂತೆ ಅವಳಿಗೆ ಕಂಡಿತು.

ಇಳಿದು ಬರುವಾಗ ಲಮೀಸ್ ಅವಳಿಗಾಗಿ ಕಾಯಲಿಲ್ಲ. ರನೀಮ್‌ಳ ಜೊತೆ ಮುಂದೆ ಮುಂದೆ ನಡೆದಳು. ಅಂಗಡಿಗಳ ಮುಂದೆ ಒಣಮೊಸರಿನ ಬಿಳೀ ಉಂಡೆಗಳನ್ನು ರಾಶಿ ಹಾಕಿದ್ದರು. ಹಲಾ ಒಂದು ಚೂರು ಕೇಳಿ ಇಸಿದುಕೊಳ್ಳಲು ನಿಂತಳು. ಜುಮಾನಾ ಒಬ್ಬಳೇ ಹಿಂದೆ ಬಂದಳು. ಅವಳ ತಲೆಯಲ್ಲಿ ಒಂದು ಯೋಚನೆ ಓಡುತ್ತಿತ್ತು.

"ರನೀಮ್," ಎಂದಳು ಹಿಂದಿನಿಂದಲೇ.

ರನೀಮ್ ತಿರುಗಿದಳು. ಲಮೀಸ್ ತಿರುಗಲಿಲ್ಲ.

"ಮದುಮಗಳಿಗೆ ಕಾಲು ನೋವು ಬಂದ್ರೆ ಏನ್ ಮಾಡ್ತಾಳೆ? ನಿಂತ್ರೆ ಬೇರೆ ಕಡೆ ಕಲ್ಲು ಬೀಳುತ್ತಲ್ವಾ?"

ಹೇಳಲೋ ಬೇಡವೋ ಅನ್ನುವಂತಿತ್ತು ರನೀಮ್‌ಳ ಮುಖ. "ಅದೇ ನಂಗೂ ಗೊತ್ತಾಗ್ತಿಲ್ಲ," ಎಂದಳು ಕೊನೆಗೆ.

"ಇನ್ನೊಬ್ಬಳು ಅವಳ ಬಟ್ಟೆ ಹಾಕ್ಕೊಂಡು ನಡೀಬಹುದು. ದೂರದಿಂದ ಗೊತ್ತಾಗಲ್ಲ."

"ಯಾರು?"

"ಯಾರಾದ್ರೂ. ಅವಳಷ್ಟೇ ಎತ್ತರ ಇರೋಳು." ಜುಮಾನಾ ತನ್ನ ಶೂ ನೋಡಿಕೊಂಡಳು. "ಅಷ್ಟು ಹೊತ್ತು ಅವಳು ಕೂತು ಸುಧಾರಿಸ್ಕೊಳ್ಳಲಿ."

ರನೀಮ್ ತಲೆ ಎತ್ತಿ ಕೋಟೆಯ ಗೋಡೆಯನ್ನು ನೋಡಿದಳು. ಅದನ್ನೇ ಯೋಚಿಸುತ್ತಿದ್ದಳು. ಲಮೀಸ್ ಈಗಲೂ ಹಿಂದಕ್ಕೆ ನೋಡಲಿಲ್ಲ. ಆದರೆ ಅವಳ ನಡಿಗೆ ನಿಧಾನವಾಗಿತ್ತು.